ಸೆವಿಲ್‌ನ ಸೆಮಾನಾ ಸಾಂತಾ: ಜನರ ನಡುವೆ ಸಿಕ್ಕಿಬೀಳದೆ ಮೆರವಣಿಗೆ ನೋಡುವುದು ಹೇಗೆ?

ಸೆಮಾನಾ ಸಾಂತಾ ಅಂದರೆ ಈಸ್ಟರ್‌ವರೆಗಿನ ಪವಿತ್ರ ವಾರ, ಯೇಸು ಮತ್ತು ಮೇರಿಮಾತೆಯ ಮೂರ್ತಿಗಳನ್ನು ಬೀದಿಯಲ್ಲಿ ಹೊತ್ತು ಸಾಗುವ ಹಬ್ಬ. ಆ ವಾರ ದಕ್ಷಿಣ ಸ್ಪೇನ್‌ನ ಸೆವಿಲ್‌ಗೆ ಹೋಗಿ ಬಂದ ನಮ್ಮವರನ್ನು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ. "ಬರೀ ಜನ, ಏನೂ ಸರಿಯಾಗಿ ಕಾಣಲಿಲ್ಲ, ಹೋಟೆಲ್ ಕಣ್ಣೆದುರೇ ಇದ್ದರೂ ರಸ್ತೆ ದಾಟೋಕೆ ಆಗಲಿಲ್ಲ." ಇಷ್ಟು ಖರ್ಚು ಮಾಡಿ ಹೋಗಿ ಇಷ್ಟೇ ಆದರೆ ಬೇಜಾರಲ್ವಾ?

ತಪ್ಪು ಎಲ್ಲಿ ಆಗುತ್ತದೆ ಅಂದರೆ, ಎಲ್ಲರೂ ಊರಿನ ಮುಖ್ಯ ಚರ್ಚ್ ಆದ ಕೆಥೆಡ್ರಲ್ ಹತ್ತಿರವೇ ಹೋಗಿ ನಿಲ್ಲುತ್ತಾರೆ. ನಮ್ಮ ಊರಿನಲ್ಲಿ ತೇರು ಒಂದು, ರಥಬೀದಿ ಒಂದು. ಅಲ್ಲಿ ಹೋಗಿ ನಿಂತರೆ ಸಾಕು. ಸೆವಿಲ್‌ನಲ್ಲಿ ಹಾಗಲ್ಲ. ಹೆಚ್ಚಿನ ದಿನಗಳಲ್ಲಿ ಏಳರಿಂದ ಒಂಬತ್ತು ಮೆರವಣಿಗೆ ಬೇರೆ ಬೇರೆ ಕೇರಿಯ ಚರ್ಚ್‌ಗಳಿಂದ ಹೊರಟು, ಕೆಥೆಡ್ರಲ್ ಒಳಗೆ ಹಾದು, ಬೇರೆ ದಾರಿಯಲ್ಲಿ ತಮ್ಮ ಕೇರಿಗೆ ಮರಳುತ್ತವೆ. ಒಂದೊಂದು ಮೆರವಣಿಗೆಯೂ ಬೀದಿಗೆ ಅಡ್ಡವಾಗಿ ನಿಧಾನಕ್ಕೆ ಸರಿಯುತ್ತಾ, ಊರನ್ನು ಎರಡು ಭಾಗ ಮಾಡಿಬಿಡುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಸುತ್ತಿದರೆ ಸಿಕ್ಕಿಬೀಳುವುದು ಖಂಡಿತ.

ಹಾಗಾಗಿ ನನ್ನ ಸಲಹೆ ಸರಳ. ದಿನಕ್ಕೆ ಎರಡೇ ಮೆರವಣಿಗೆ ಆರಿಸಿ. ಒಂದೊಂದಕ್ಕೂ ಒಂದೊಂದು ಮೂಲೆ ಮೊದಲೇ ನೋಡಿಟ್ಟುಕೊಳ್ಳಿ. ಅಲ್ಲಿ ಬೇಗ ಹೋಗಿ ನಿಂತು, ಪೂರ್ತಿ ನೋಡಿ. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸುವುದಕ್ಕಾಗಿಯೇ ಇವೆ. ಹಂತಗಳ ಕ್ರಮ ಬದಲಿಸಬೇಡಿ.

## ಹಂತ 1: ದಿನಾಂಕ ನೋಡಿ, ಆಮೇಲೆ ಬುಕಿಂಗ್

ಸೆಮಾನಾ ಸಾಂತಾ ಪ್ರತಿ ವರ್ಷ ಬೇರೆ ದಿನಾಂಕಕ್ಕೆ ಬರುತ್ತದೆ. ಈಸ್ಟರ್‌ಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ಶುರುವಾಗಿ ಈಸ್ಟರ್ ಭಾನುವಾರ ಮುಗಿಯುತ್ತದೆ. 2027ರಲ್ಲಿ ಮಾರ್ಚ್ 21ರಿಂದ 28, 2028ರಲ್ಲಿ ಏಪ್ರಿಲ್ 9ರಿಂದ 16. ಕರ್ನಾಟಕದಲ್ಲಿ ಶಾಲೆಗೆ ಹೋಗುವ ಮಕ್ಕಳಿರುವವರಿಗೆ 2027ರ ವಾರ ಪರೀಕ್ಷೆಯ ಹೊತ್ತಿಗೆ ಬೀಳುತ್ತದೆ. 2028 ಬೇಸಿಗೆ ರಜೆಯ ಆಸುಪಾಸಿಗೆ ಬರುವುದರಿಂದ ಅನುಕೂಲ.

ಕ್ರಮ ಹೀಗಿರಲಿ: ಮೊದಲು ರದ್ದು ಮಾಡಬಹುದಾದ ಕೋಣೆ, ಆಮೇಲೆ ವೀಸಾ, ಆಮೇಲೆ ರೈಲು. ಈ ವಾರ ಕೋಣೆಗಳ ಬೆಲೆ ತುಂಬಾ ಏರುತ್ತದೆ. ಆರು ತಿಂಗಳು ಮೊದಲೇ ನೋಡಿದರೆ ಆಯ್ಕೆ ಇರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಬೇಕು. ಜೊತೆಗೆ ಕನಿಷ್ಠ 30,000 ಯೂರೋ ರಕ್ಷಣೆ ಕೊಡುವ ಪ್ರಯಾಣ ವಿಮೆ ಬೇಕು. 15 ದಿನ ಅನ್ನುವುದು ನಿಯಮದ ಮಾತು. ಅಷ್ಟು ಕೊನೆಗೆ ಬಿಡಬೇಡಿ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ಸೆವಿಲ್‌ನ ಸಾಂತಾ ಹುಸ್ತಾ ನಿಲ್ದಾಣಕ್ಕೆ ವೇಗದ ರೈಲಿನಲ್ಲಿ ಸಾಮಾನ್ಯವಾಗಿ ಎರಡೂವರೆ ಗಂಟೆ. ಸೆವಿಲ್ ತಲುಪುವ ಹೊತ್ತು ಬೆಳಗ್ಗೆಯೋ ಮಧ್ಯಾಹ್ನದೊಳಗೋ ಇರುವಂತೆ ನೋಡಿಕೊಳ್ಳಿ. ಸಂಜೆ ಆರಕ್ಕೆ ಸೂಟ್‌ಕೇಸ್ ಎಳೆದುಕೊಂಡು ಹಳೇ ಊರಿನೊಳಗೆ ಹೊರಟರೆ ಟ್ಯಾಕ್ಸಿ ಒಳಗೆ ಬರುವುದಿಲ್ಲ, ನೀವೂ ದಾಟಲಾರಿರಿ.

ಪೂರ್ತಿ ವಾರ ಇರಬೇಕಾಗಿಲ್ಲ. ಭಾನುವಾರದಿಂದ ಬುಧವಾರದವರೆಗೆ ಇದ್ದರೆ ಹಬ್ಬ ಚೆನ್ನಾಗಿ ಅರ್ಥವಾಗುತ್ತದೆ. ತುಂಬಾ ಜನ ಗುರುವಾರ ಬಂದು, ಅದೇ ರಾತ್ರಿ ಅತಿ ದೊಡ್ಡ ಮೆರವಣಿಗೆಗಳಿಗೆ ನುಗ್ಗುತ್ತಾರೆ. ಮೊದಲ ಸಲ ನೋಡುವವರಿಗೆ ಅದು ಅತಿ ಕಷ್ಟದ ರಾತ್ರಿ. ಸೋಮವಾರ, ಮಂಗಳವಾರ ನೋಡಿ ಅಭ್ಯಾಸ ಆದಮೇಲೆ ಅದಕ್ಕೆ ಹೋಗಿ.

## ಹಂತ 2: ಕೋಣೆ ಎಲ್ಲಿರಬೇಕು

ಕೆಥೆಡ್ರಲ್ ಪಕ್ಕದ ಕೋಣೆ ಬೇರೆ ದಿನಗಳಲ್ಲಿ ಒಳ್ಳೆಯದು, ಈ ವಾರಕ್ಕೆ ಅಲ್ಲ. ಎಲ್ಲ ಮೆರವಣಿಗೆಗಳೂ ಕಡ್ಡಾಯವಾಗಿ ಹಾದುಹೋಗುವ ದಾರಿಗೆ ಕರೇರಾ ಒಫಿಸಿಯಾಲ್ ಎನ್ನುತ್ತಾರೆ. ಲಾ ಕಾಂಪಾನಾ ಚೌಕದಿಂದ ಸಿಯೆರ್ಪೆಸ್ ಬೀದಿ, ಸಾನ್ ಫ್ರಾನ್ಸಿಸ್ಕೋ ಚೌಕ, ಅಲ್ಲಿಂದ ಕೊನ್ಸ್ತಿತುಸಿಯೋನ್ ಅವೆನ್ಯೂ ಮೂಲಕ ಕೆಥೆಡ್ರಲ್. ಈ ದಾರಿಯ ಎರಡೂ ಬದಿ ಕುರ್ಚಿಗಳು, ತಡೆಗಳು. ಇದರ ಪಕ್ಕ ಕೋಣೆ ಹಿಡಿದರೆ ಮಧ್ಯಾಹ್ನದಿಂದ ನಡುರಾತ್ರಿವರೆಗೆ ಒಳಗೆ ಹೊರಗೆ ಓಡಾಡುವುದೇ ಕಷ್ಟ.

ನನಗೆ ಸರಿ ಅನ್ನಿಸುವುದು ನೆರ್ವಿಯೋನ್ ಅಥವಾ ಲೋಸ್ ರೆಮೇದಿಯೋಸ್. ಎರಡೂ ಹಳೇ ಊರಿನ ಹೊರಗೆ, ಎರಡಕ್ಕೂ ಮೆಟ್ರೋ ಇದೆ. ಈ ವಾರ ಮೆಟ್ರೋ ಮಾಮೂಲಿಗಿಂತ ಹೆಚ್ಚು ಹೊತ್ತು ಓಡುತ್ತದೆ. ಪುಯೆರ್ತಾ ಹೆರೆಸ್ ನಿಲ್ದಾಣದಲ್ಲಿ ಇಳಿದರೆ ಹಳೇ ಊರಿನ ಬಾಗಿಲಿನಲ್ಲೇ ಇಳಿದಂತೆ. ನದಿಯಾಚೆಯ ತ್ರಿಯಾನಾ ಕೂಡ ಚೆಂದದ ಕೇರಿ, ಆದರೆ ಅಲ್ಲಿನ ಮೆರವಣಿಗೆ ಸೇತುವೆ ದಾಟುವ ಹೊತ್ತಿನಲ್ಲಿ ನೀವು ನದಿಯ ಈಚೆ ಉಳಿಯಬೇಕಾದೀತು ಅನ್ನುವುದು ನೆನಪಿರಲಿ.

## ಹಂತ 3: ಜೊತೆಗೆ ಏನೇನು ಬೇಕು

ಮೊದಲನೆಯದು ವೇಳಾಪಟ್ಟಿ. ಆ ವಾರ ಕೈಯಲ್ಲಿ ಹಿಡಿಯುವ ಪುಟ್ಟ ಪುಸ್ತಿಕೆಗಳು ಊರಿನ ಅಂಗಡಿ, ಬಾರ್, ಹೋಟೆಲ್‌ಗಳಲ್ಲಿ ಸಿಗುತ್ತವೆ. ಪತ್ರಿಕೆಗಳೂ ಪ್ರಕಟಿಸುತ್ತವೆ. ಫೋನಿಗೆ ಆಪ್‌ಗಳೂ ಇವೆ, ಅವುಗಳಲ್ಲಿ ಮೆರವಣಿಗೆ ಈಗ ಎಲ್ಲಿದೆ ಎಂದೂ ಕಾಣುತ್ತದೆ. ಎರಡೂ ಇರಲಿ, ಯಾಕೆಂದರೆ ಸಾವಿರಾರು ಜನ ಸೇರಿದ ಕಡೆ ನೆಟ್‌ವರ್ಕ್ ಕೈಕೊಡುತ್ತದೆ.

ಎರಡನೆಯದು ಒಳ್ಳೆ ಹಿಡಿತ ಇರುವ ಶೂ. ಮೆರವಣಿಗೆಯ ಮೇಣದಬತ್ತಿಗಳಿಂದ ಮೇಣ ಸುರಿದು ಸುರಿದು, ವಾರದ ಮಧ್ಯಕ್ಕೆ ಬೀದಿ ಕಲ್ಲುಗಳು ಜಾರುತ್ತವೆ. ನುಣುಪು ಅಡಿಯ ಚಪ್ಪಲಿ ಬೇಡ.

ಮಾರ್ಚ್ ಕೊನೆಯಲ್ಲಿ ಹಗಲು 20 ಡಿಗ್ರಿ ಆಸುಪಾಸು, ರಾತ್ರಿ 10ರ ಹತ್ತಿರ. ಹಗಲು ಬಿಸಿಲು ನೋಡಿ ತೆಳು ಅಂಗಿಯಲ್ಲಿ ಹೊರಟವರು ರಾತ್ರಿ ಹನ್ನೊಂದಕ್ಕೆ ನಡುಗುತ್ತಾರೆ. ಒಂದು ಜಾಕೆಟ್, ನೀರಿನ ಬಾಟಲಿ, ಸ್ವಲ್ಪ ತಿಂಡಿ, ಪವರ್ ಬ್ಯಾಂಕ್, ಚಿಲ್ಲರೆ ಯೂರೋ ಇರಲಿ. ಎಲ್ಲವೂ ಎದೆಯ ಮುಂದೆ ಹಾಕಿಕೊಳ್ಳುವ ಒಂದು ಚಿಕ್ಕ ಚೀಲದಲ್ಲಿ ಹಿಡಿಯಬೇಕು. ಮಡಚುವ ಕುರ್ಚಿ ತರಬೇಡಿ, ದಾರಿಗೆ ಅಡ್ಡಿ ಅಂತ ಪೊಲೀಸರು ತೆಗೆಸುತ್ತಾರೆ. ಸ್ಟ್ರೋಲರ್ ಕೂಡ ಹಳೇ ಊರಿನ ಒಳಗೆ ಬೇಡ, ಚಿಕ್ಕ ಮಗುವನ್ನು ಬಟ್ಟೆಯ ಕ್ಯಾರಿಯರ್‌ನಲ್ಲಿ ಎತ್ತಿಕೊಳ್ಳಿ.

ಬಟ್ಟೆಯ ಬಗ್ಗೆ ಒಂದು ಮಾತು. ಗರಿಗಳ ಭಾನುವಾರ ಹೊಸ ಬಟ್ಟೆ ಹಾಕದವನಿಗೆ ಕೈಗಳೇ ಇಲ್ಲ ಅಂತ ಅಲ್ಲಿ ಗಾದೆ ಇದೆ. ಊರಿನವರು ಕೋಟು, ಟೈ ಹಾಕಿ ಬರುತ್ತಾರೆ. ಗುರುವಾರ ಹೆಂಗಸರು ಕಪ್ಪು ಉಡುಪಿನ ಮೇಲೆ ಮಾಂತಿಯಾ ಎಂಬ ಕಪ್ಪು ಲೇಸಿನ ಮುಸುಕು ಧರಿಸುತ್ತಾರೆ. ನೀವು ಅಷ್ಟು ಮಾಡಬೇಕಾಗಿಲ್ಲ, ಆದರೆ ಚಡ್ಡಿ, ಬನಿಯನ್ ತರದ ಉಡುಪು ಬೇಡ. ಸೀರೆ ಉಡುವ ಆಸೆ ಇದ್ದರೆ ಹಗಲಿಗೆ ಉಡಿ. ರಾತ್ರಿಯ ನೂಕುನುಗ್ಗಲಲ್ಲಿ ಸೆರಗು, ಮೇಣದಬತ್ತಿ ಎರಡೂ ಹತ್ತಿರ ಇರುವುದು ಅಪಾಯ.

## ಹಂತ 4: ಮೆರವಣಿಗೆಯ ಸಾಲು ಓದಲು ಕಲಿಯಿರಿ

ಇದನ್ನು ಬಿಟ್ಟವರೇ "ಗಂಟೆಗಟ್ಟಲೆ ನಿಂತೆವು, ಏನೂ ಬರಲಿಲ್ಲ" ಅಂತ ಅರ್ಧಕ್ಕೆ ಹೊರಟುಬಿಡುವುದು.

ಪ್ರತಿ ಮೆರವಣಿಗೆಯನ್ನು ನಡೆಸುವುದು ಒಂದು ಎರ್ಮಾಂದಾದ್, ಅಂದರೆ ಚರ್ಚ್‌ಗೆ ಸೇರಿದ ಭಕ್ತರ ಸಂಘ. ಸಾಲಿನ ಎಲ್ಲಕ್ಕಿಂತ ಮುಂದೆ ಕ್ರೂಸ್ ದೆ ಗಿಯಾ ಎಂಬ ದೊಡ್ಡ ಶಿಲುಬೆ, ಅದರ ಎರಡೂ ಬದಿ ಲಾಂದ್ರ. ಅದರ ಹಿಂದೆ ನಾಸಾರೇನೋಗಳು, ನಿಲುವಂಗಿ ಮತ್ತು ಚೂಪು ಟೋಪಿಯ ಮುಸುಕು ಹಾಕಿ, ಉದ್ದನೆ ಮೇಣದಬತ್ತಿ ಹಿಡಿದವರು. ಆಮೇಲೆ ಯೇಸುವಿನ ಮೂರ್ತಿ ಇರುವ ಪಾಸೋ, ಅಂದರೆ ಮನುಷ್ಯರು ಹೊರುವ ದೊಡ್ಡ ಪೀಠ. ಹೆಚ್ಚಿನ ಕಡೆ ಅದರ ಹಿಂದೆ ಬ್ಯಾಂಡ್, ಶಿಲುಬೆ ಹೊತ್ತ ಜನ, ಮತ್ತೆ ನಾಸಾರೇನೋಗಳು. ಕೊನೆಗೆ ಪಾಲಿಯೋ ಎಂಬ ಚಪ್ಪರದ ಕೆಳಗೆ, ಮೇಣದಬತ್ತಿಗಳ ಹಿಂದೆ ಮೇರಿಮಾತೆ. ಅದರ ಹಿಂದಿನ ಬ್ಯಾಂಡ್ ದಾಟಿದರೆ ಮೆರವಣಿಗೆ ಮುಗಿಯಿತು.

ದೊಡ್ಡ ಸಂಘಗಳಲ್ಲಿ ನಾಸಾರೇನೋಗಳೇ ಸಾವಿರಾರು. ಶಿಲುಬೆ ಬಂದಮೇಲೆ ಪಾಲಿಯೋ ಬರಲು ಒಂದು ಗಂಟೆಗೂ ಜಾಸ್ತಿ ಆಗಬಹುದು. ಬ್ಯಾಂಡ್ ಸದ್ದು ಕೇಳಿಸಿತು ಅಂದರೆ ಮೂರ್ತಿ ಬಂತು ಅಂತ ಅಲ್ಲ, ಅದು ಎರಡು ಬೀದಿ ಆಚೆ ನಿಂತಿರಬಹುದು.

ಪಾಸೋ ನಡುನಡುವೆ ನಿಲ್ಲುವುದಕ್ಕೆ ಕಾರಣ ಕೆಳಗಿರುವವರು. ಬಟ್ಟೆಯ ಮರೆಯಲ್ಲಿ ಕೊಸ್ತಾಲೇರೋಗಳು ಕತ್ತಿನ ಹಿಂಭಾಗದ ಮೇಲೆ ಟನ್‌ಗಟ್ಟಲೆ ಭಾರ ಹೊತ್ತಿರುತ್ತಾರೆ, ಅವರಿಗೆ ಹೊರಗಿನದು ಏನೂ ಕಾಣುವುದಿಲ್ಲ. ಮುಂದೆ ನಿಂತ ಕಾಪಾತಾಸ್ ಮಾತಿನಿಂದಲೇ ದಾರಿ ತೋರಿಸುತ್ತಾನೆ. ಪಾಸೋದ ಮುಂಭಾಗದ ಲೋಹದ ಸುತ್ತಿಗೆಯನ್ನು ಅವನು ಬಡಿದರೆ ಎಲ್ಲರೂ ಸಿದ್ಧ, ಮತ್ತೆ ಬಡಿದಾಗ ಇಡೀ ಪೀಠ ಒಂದೇ ಏಟಿಗೆ ಮೇಲೇಳುತ್ತದೆ. ಪಾಸೋ ನಿಮ್ಮ ಮುಂದೆ ನೆಲಕ್ಕೆ ಇಳಿದರೆ ಅದೃಷ್ಟ ಅಂದುಕೊಳ್ಳಿ. ಕ್ಯಾಮೆರಾ ಇಳಿಸಿ, ಕಾಪಾತಾಸ್ ತನ್ನವರ ಜೊತೆ ಮಾತಾಡುವುದನ್ನು ಕೇಳಿ. ಭಾಷೆ ಬರದಿದ್ದರೂ ಅವನ ದನಿಯಲ್ಲಿರುವ ಪ್ರೀತಿ ತಿಳಿಯುತ್ತದೆ.

ಚೂಪು ಟೋಪಿಯ ಮುಸುಕು ನೋಡಿ ಅಮೆರಿಕದ ಜನಾಂಗದ್ವೇಷಿ ಗುಂಪಿನ ಚಿತ್ರ ನೆನಪಾಗುವವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಪ್ರಾಯಶ್ಚಿತ್ತ ಮಾಡುವವನು ತನ್ನ ಗುರುತು ಮರೆಸಿಕೊಳ್ಳುವ ಉಡುಪು, ಆ ಗುಂಪಿಗಿಂತ ನೂರಾರು ವರ್ಷ ಹಳೆಯದು. ಮಕ್ಕಳು ಹೆದರಬಹುದು, ಫೋಟೋ ತೋರಿಸಿ ಮೊದಲೇ ಹೇಳಿಡಿ.

## ಹಂತ 5: ವೇಳಾಪಟ್ಟಿ ನೋಡಿ ಎರಡನ್ನು ಆರಿಸಿ

ಪುಸ್ತಿಕೆಯಲ್ಲಿ ಪ್ರತಿ ಸಂಘಕ್ಕೂ ಹೊರಡುವ ಸಮಯ, ಲಾ ಕಾಂಪಾನಾ ತಲುಪುವ ಸಮಯ, ಕೆಥೆಡ್ರಲ್ ಸಮಯ, ಮರಳಿ ಚರ್ಚ್ ಸೇರುವ ಸಮಯ ಇರುತ್ತದೆ. ನಡುವೆ ಬೀದಿಗಳ ಹೆಸರು. ಇಲ್ಲಿ ಆಗುವ ದೊಡ್ಡ ತಪ್ಪು: ಬೀದಿಯ ಮುಂದೆ ಬರೆದ ಸಮಯ ಸಾಮಾನ್ಯವಾಗಿ ಸಾಲಿನ ಮುಂದಿರುವ ಶಿಲುಬೆ ಅಲ್ಲಿಗೆ ಬರುವ ಸಮಯ, ಮೂರ್ತಿಯದ್ದಲ್ಲ. ಕೆಲವು ಪಟ್ಟಿಗಳಲ್ಲಿ ಶಿಲುಬೆಗೊಂದು, ಪಾಲಿಯೋಗೊಂದು ಸಮಯ ಬೇರೆ ಬೇರೆ ಇರುತ್ತದೆ. ಎರಡರ ನಡುವಿನ ಅಂತರವೇ ಆ ಮೆರವಣಿಗೆ ನಿಮ್ಮ ಮುಂದೆ ಹಾಯಲು ಹಿಡಿಯುವ ಹೊತ್ತು. ನಲವತ್ತು ನಿಮಿಷದ್ದು ಹೊಸಬರಿಗೆ ಆರಾಮ, ಒಂದೂವರೆ ಗಂಟೆಯದ್ದು ಕಷ್ಟ.

ಈಗ ಆಯ್ಕೆ. ಒಂದು ಮಧ್ಯಾಹ್ನ, ತನ್ನ ಕೇರಿಯಿಂದ ಹೊರಡುವಾಗ. ಇನ್ನೊಂದು ರಾತ್ರಿ, ಮರಳುವಾಗ. ಎರಡರ ನಡುವೆ ಕನಿಷ್ಠ ಮೂರು ಗಂಟೆ ಬಿಡಿ, ಊಟ ಮತ್ತು ಕಾಲಿಗೆ ವಿಶ್ರಾಂತಿ ಬೇಕು. ಹೊರಡುವ ಹೊತ್ತಿನಲ್ಲಿ ಬಿಸಿಲು, ಮಕ್ಕಳು, ಕೇರಿಯವರ ಸಂಭ್ರಮ. ಮರಳುವಾಗ ಕತ್ತಲು, ಮೇಣದಬತ್ತಿ ಬೆಳಕು, ಕಡಿಮೆ ಜನ. ಒಮ್ಮೊಮ್ಮೆ ಮೇಲಿನ ಬಾಲ್ಕನಿಯಿಂದ ಯಾರೋ ವಾದ್ಯವಿಲ್ಲದೆ ಸಾಯೆತಾ ಎಂಬ ಭಕ್ತಿಗೀತೆ ಹಾಡುತ್ತಾರೆ, ಪಾಸೋ ಅಲ್ಲೇ ನಿಂತು ಕೇಳುತ್ತದೆ.

ಮೊದಲ ಸಲಕ್ಕೆ ಹೊಂದುವ ಕೆಲವನ್ನು ಹೇಳುತ್ತೇನೆ. ಗರಿಗಳ ಭಾನುವಾರ ಮಧ್ಯಾಹ್ನ ಲಾ ಪಾಸ್ ಸಂಘ ಬಿಳಿ ನಿಲುವಂಗಿಯಲ್ಲಿ ಮಾರಿಯಾ ಲೂಯಿಸಾ ಉದ್ಯಾನದ ಮರಗಳ ನಡುವೆ ಹೋಗುತ್ತದೆ. ಅಗಲವಾದ ಜಾಗ, ಮಕ್ಕಳ ಜೊತೆ ನೋಡಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅದೇ ದಿನ ಲಾ ಎಸ್ತ್ರೇಯಾ ತ್ರಿಯಾನಾ ಸೇತುವೆ ದಾಟುತ್ತದೆ. ಸೋಮವಾರ ಸಾಂತಾ ಮಾರ್ತಾ, ಸಂಗೀತವಿಲ್ಲದೆ ಮೌನವಾಗಿ ಸಾಗುವಂಥದ್ದು. ಮಂಗಳವಾರ ರಾತ್ರಿ ಕಾಂದೆಲಾರಿಯಾ ಮರಳುವಾಗ ಮುರಿಯೋ ಉದ್ಯಾನದ ಕತ್ತಲಲ್ಲಿ ಹಾಯುತ್ತದೆ. ಬುಧವಾರ ಸಾನ್ ಬೆರ್ನಾರ್ದೋ ತನ್ನ ಕೇರಿಯ ಸೇತುವೆ ದಾಟುವಾಗ ನೋಡಿ. ಶುಕ್ರವಾರ ತ್ರಿಯಾನಾದ ಎಲ್ ಕಾಚೋರ್ರೋ.

ಒಂದು ಗದ್ದಲದ್ದು, ಒಂದು ಮೌನದ್ದು ಹೀಗೆ ಬೆರೆಸಿ ನೋಡಿ. ಎರಡೂ ಒಂದೇ ತರದವಾದರೆ ಈ ಹಬ್ಬದ ಅರ್ಧ ಭಾಗ ತಪ್ಪಿಹೋಗುತ್ತದೆ.

## ಹಂತ 6: ನಿಲ್ಲುವ ಮೂಲೆ

ಬೆಳಗ್ಗೆ ಬೀದಿ ಖಾಲಿ ಇರುವಾಗಲೇ ನಡೆದು ಹೋಗಿ ಜಾಗ ನೋಡಿ ಬನ್ನಿ. ನೋಡಬೇಕಾದದ್ದು ಮೂರು.

ಒಂದು, ತಿರುವು. ಪಾಸೋ ಬಲಕ್ಕೋ ಎಡಕ್ಕೋ ತಿರುಗಬೇಕಾದ ಮೂಲೆಯಲ್ಲಿ ಕೊಸ್ತಾಲೇರೋಗಳು ಅಂಗುಲ ಅಂಗುಲವಾಗಿ ಸರಿಯುತ್ತಾರೆ, ಬ್ಯಾಂಡ್ ಒಂದು ಪೂರ್ತಿ ಮಾರ್ಚ್ ನುಡಿಸುತ್ತದೆ. ನೇರ ಬೀದಿಯಲ್ಲಿ ಅರ್ಧ ನಿಮಿಷಕ್ಕೆ ಹಾದುಹೋಗುವುದು ಇಲ್ಲಿ ಹಲವು ನಿಮಿಷ ಕಣ್ಣ ಮುಂದೆ ಇರುತ್ತದೆ.

ಎರಡು, ಯಾವ ಬದಿ. ಇದು ಎಲ್ಲಕ್ಕಿಂತ ಮುಖ್ಯ, ಮತ್ತು ಯಾರೂ ಯೋಚಿಸದೇ ಇರುವ ವಿಷಯ. ಮೆರವಣಿಗೆ ಶುರುವಾದರೆ ಬೀದಿಯ ಆಚೆ ಬದಿ ಬೇರೆ ಊರು ಇದ್ದಂತೆ. ನಿಮ್ಮ ಕೋಣೆ, ಊಟದ ಜಾಗ ಅಥವಾ ಮುಂದಿನ ಮೂಲೆ ಯಾವ ಬದಿ ಇದೆಯೋ ಅದೇ ಬದಿ ನಿಲ್ಲಿ.

ಮೂರು, ಹಿಂದೆ ತಪ್ಪಿಸಿಕೊಳ್ಳುವ ದಾರಿ. ಬೆನ್ನ ಹಿಂದೆ ಬರೀ ಗೋಡೆ ಇರುವ ಕಿರಿದಾದ ಬೀದಿ ಬೇಡ. ಹಿಂದೆ ಒಂದು ಅಡ್ಡರಸ್ತೆ ತೆರೆದಿರಲಿ. ಮಕ್ಕಳಿಗೆ ಶೌಚಾಲಯ ಬೇಕಾದಾಗಲೂ ಇದೇ ದಾರಿ ಕೆಲಸಕ್ಕೆ ಬರುತ್ತದೆ.

ಶಿಲುಬೆ ಬರುವ ಸಮಯಕ್ಕೆ ಮುಕ್ಕಾಲು ಗಂಟೆ ಮೊದಲು ಹೋಗಿ. ಹೆಸರುವಾಸಿ ಜಾಗಗಳಾದ ಪೋಸ್ತೀಗೋ ಕಮಾನು, ಕೆಥೆಡ್ರಲ್ ಹಿಂದಿನ ಇಕ್ಕಟ್ಟಾದ ಏರು, ತ್ರಿಯಾನಾ ಸೇತುವೆಯ ತುದಿ ಇವಕ್ಕೆ ಅದೂ ಸಾಲದು. ಹೆಸರಿಲ್ಲದ ಮೂಲೆಯಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವುದು, ಹೆಸರಿನ ಜಾಗದಲ್ಲಿ ಹತ್ತನೇ ಸಾಲಿನಲ್ಲಿ ನಿಲ್ಲುವುದಕ್ಕಿಂತ ಸಾವಿರ ಪಾಲು ಮೇಲು.

ಕರೇರಾ ಒಫಿಸಿಯಾಲ್‌ನ ಕುರ್ಚಿಗಳ ಆಸೆ ಬಿಡಿ. ಬಹುಪಾಲು ಕುರ್ಚಿ ವರ್ಷವರ್ಷವೂ ಅದೇ ಕುಟುಂಬಗಳ ಹೆಸರಿನಲ್ಲಿರುತ್ತವೆ. ಯಾರೋ ಬೀದಿಯಲ್ಲಿ ಮಾರುತ್ತೇನೆ ಅಂದರೆ ದುಡ್ಡು ಕೊಡಬೇಡಿ.

## ಹಂತ 7: ಬೆಳಗಿನ ಹೊತ್ತು ಚರ್ಚ್‌ಗಳಿಗೆ

ಆ ದಿನ ಹೊರಡುವ ಪಾಸೋಗಳು ಹೂ, ಮೇಣದಬತ್ತಿ ಸಮೇತ ಸಿದ್ಧವಾಗಿ ಬೆಳಗ್ಗೆಯಿಂದ ಚರ್ಚ್ ಒಳಗೇ ಇರುತ್ತವೆ. ಊರಿನವರು ಬೆಳಗ್ಗೆ ಒಂದೊಂದೇ ಚರ್ಚ್‌ಗೆ ಹೋಗಿ ನೋಡಿ ಬರುತ್ತಾರೆ. ಹತ್ತಿರದಿಂದ, ಹಗಲ ಬೆಳಕಿನಲ್ಲಿ ಮರದ ಕೆತ್ತನೆ, ಬೆಳ್ಳಿ ಕೆಲಸ, ಕಸೂತಿ ನೋಡಲು ಇದೇ ಸರಿಯಾದ ಹೊತ್ತು. ಕಾಸು ಕೊಡಬೇಕಾಗಿಲ್ಲ. ಸಾಲ್ವಾದೋರ್ ಚರ್ಚ್‌ನಿಂದ ಶುರು ಮಾಡಿ, ಅಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳಿವೆ.

ಕೆಥೆಡ್ರಲ್ ಮತ್ತು ಅಲ್ಕಾಸರ್ ಅರಮನೆ ನೋಡುವ ಯೋಜನೆ ಇದ್ದರೆ ವಾರಕ್ಕೆ ಮೊದಲೇ ಮುಗಿಸಿ. ಈ ವಾರ ಕೆಥೆಡ್ರಲ್‌ನಲ್ಲಿ ಪ್ರವಾಸಿಗರ ಸಮಯ ಕಡಿಮೆ, ಮತ್ತು ಅಲ್ಕಾಸರ್ ಶುಭ ಶುಕ್ರವಾರ ಮುಚ್ಚಿರುತ್ತದೆ.

## ಹಂತ 8: ಬೀದಿಯಲ್ಲಿ ಹೇಗಿರಬೇಕು

ಸೆವಿಲ್‌ನವರಿಗೆ ಇದು ಪ್ರದರ್ಶನವಲ್ಲ, ಭಕ್ತಿ. ನಮ್ಮ ಉತ್ಸವದ ಮುಂದೆ ಯಾರಾದರೂ ಹೇಗಿರಬೇಕು ಅಂತ ನಾವು ಬಯಸುತ್ತೇವೋ ಹಾಗೇ ಇರಿ.

ನಾಸಾರೇನೋಗಳ ಸಾಲಿನ ನಡುವೆ ನುಗ್ಗಬೇಡಿ. ದಾಟಲೇಬೇಕಿದ್ದರೆ ಸಾಲು ನಿಂತಿರುವಾಗ, ಸಾಲಿನಲ್ಲಿ ಅಂತರ ಇರುವ ಕಡೆ, ಸಾಲು ನೋಡಿಕೊಳ್ಳುವ ಕೋಲು ಹಿಡಿದವರಿಗೆ ಸನ್ನೆ ಮಾಡಿ, ಅವರು ಒಪ್ಪಿದರೆ ಬೇಗ ದಾಟಿ. ಪಾಸೋದ ಮುಂದೆ ಅಡ್ಡ ದಾಟುವುದು ಎಂದಿಗೂ ಬೇಡ. ಮುಸುಕು ಹಾಕಿದವರ ಭುಜಕ್ಕೆ ಕೈ ಹಾಕಿ ಸೆಲ್ಫಿ ತೆಗೆಯುವುದು, ಫ್ಲ್ಯಾಶ್ ಹಾಕುವುದು, ಫೋನನ್ನು ತಲೆಯ ಮೇಲೆ ಎತ್ತಿ ಹಿಂದಿನವರಿಗೆ ಮರೆ ಮಾಡುವುದು, ಇವೆಲ್ಲ ಅವರಿಗೆ ತುಂಬಾ ನೋವು ಕೊಡುತ್ತವೆ.

ಬ್ಯಾಂಡ್ ಇರುವ ಮೆರವಣಿಗೆಯಲ್ಲಿ ಪಾಸೋ ಮೇಲೆದ್ದಾಗ ಜನ ಚಪ್ಪಾಳೆ ತಟ್ಟಿದರೆ ನೀವೂ ತಟ್ಟಿ. ಮೌನದ ಮೆರವಣಿಗೆಯಲ್ಲಿ ಒಂದು ಪಿಸುಮಾತೂ ಬೇಡ. ಗುರುತು ಹೇಗೆ? ಕಪ್ಪು ನಿಲುವಂಗಿ, ನಾರಿನ ಅಗಲ ಪಟ್ಟಿ, ಬ್ಯಾಂಡ್ ಇಲ್ಲ, ಸುತ್ತಲಿನವರು ಮಾತು ನಿಲ್ಲಿಸಿರುತ್ತಾರೆ. ಅಕ್ಕಪಕ್ಕದವರು "ಶ್ಶ್" ಅಂದರೆ ತಕ್ಷಣ ಸುಮ್ಮನಾಗಿ.

ಮಕ್ಕಳಿಗೆ ಒಂದು ಖುಷಿಯ ವಿಷಯ. ಅಲ್ಲಿನ ಮಕ್ಕಳು ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನಾಸಾರೇನೋಗಳ ಮುಂದೆ ಚಾಚುತ್ತಾರೆ. ಅವರು ಬತ್ತಿ ಬಗ್ಗಿಸಿ ಬಿಸಿ ಮೇಣ ಹನಿಸುತ್ತಾರೆ. ಉಂಡೆ ವಾರವಿಡೀ ಬೆಳೆಯುತ್ತದೆ. ಕೆಲವರು ಮಿಠಾಯಿ, ಪುಟ್ಟ ಚಿತ್ರಪಟವನ್ನೂ ಕೊಡುತ್ತಾರೆ. "ಮೆ ದಾಸ್ ಸೇರಾ?" (ಮೇಣ ಕೊಡುತ್ತೀರಾ?) ಅಂತ ಕೇಳಲು ಮಗುವಿಗೆ ಹೇಳಿಕೊಡಿ. ಕೈಗೆ ಬಿಸಿ ತಾಗದಂತೆ ನೋಡಿಕೊಳ್ಳಿ. ಮೌನದ ಸಂಘಗಳ ಹತ್ತಿರ ಕೇಳಬೇಡಿ.

## ಹಂತ 9: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಅಡುಗೆಮನೆಗಳು ಸಾಮಾನ್ಯವಾಗಿ ಮಧ್ಯಾಹ್ನ ಒಂದೂವರೆಯಿಂದ ನಾಲ್ಕು, ರಾತ್ರಿ ಎಂಟೂವರೆಯ ನಂತರ ತೆರೆಯುತ್ತವೆ. ಮಧ್ಯಾಹ್ನ ಬೇಗ ಉಂಡು ಮೆರವಣಿಗೆಗೆ ಹೋಗಿ. ಗುರುವಾರ, ಶುಕ್ರವಾರ ಸಾರ್ವಜನಿಕ ರಜೆ, ಸೂಪರ್ ಮಾರ್ಕೆಟ್ ಮುಚ್ಚಿರುತ್ತವೆ. ಹಣ್ಣು, ಬ್ರೆಡ್, ಮೊಸರು, ನೀರು ಬುಧವಾರವೇ ತಂದಿಡಿ.

ಈ ವಾರ ಸಸ್ಯಾಹಾರಿಗಳಿಗೆ ಒಳ್ಳೆಯದೇ. ಉಪವಾಸದ ಕಾಲದ ಅಡುಗೆಯಾದ ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್ ಎಲ್ಲ ಕಡೆ ಸಿಗುತ್ತದೆ, ಪಾಲಕ್ ಮತ್ತು ಕಾಬೂಲಿ ಕಡಲೆಯನ್ನು ಜೀರಿಗೆ ಹಾಕಿ ಮಾಡಿದ್ದು. ನಮ್ಮ ನಾಲಿಗೆಗೆ ಕೂಡಲೇ ಹಿಡಿಸುತ್ತದೆ. ಬೆಳಗ್ಗೆ ಸುಟ್ಟ ಬ್ರೆಡ್ ಮೇಲೆ ಟೊಮೆಟೊ, ಆಲಿವ್ ಎಣ್ಣೆ. ಎಚ್ಚರ ಬೇಕಾದದ್ದು ಸಾಲ್ಮೊರೇಹೋ ಎಂಬ ತಣ್ಣನೆ ಟೊಮೆಟೊ ಸೂಪ್ ಬಗ್ಗೆ. ಮೇಲೆ ಹಂದಿ ಮಾಂಸದ ಚೂರು, ಮೊಟ್ಟೆ ಉದುರಿಸಿ ಕೊಡುತ್ತಾರೆ. "ಸಿನ್ ಹಾಮೋನ್, ಸಿನ್ ವೇವೋ" ಅಂದರೆ ಎರಡೂ ಬೇಡ ಅಂತ. "ಸಿನ್ ಕಾರ್ನೆ, ಸಿನ್ ಪೆಸ್ಕಾದೋ" ಅಂದರೆ ಮಾಂಸ, ಮೀನು ಬೇಡ. ಬರೀ ಮಾಂಸ ಬೇಡ ಅಂದರೆ ಟ್ಯೂನಾ ಮೀನು ಹಾಕಿ ತಂದುಕೊಡುವುದು ಉಂಟು, ಎರಡನ್ನೂ ಹೇಳಿ.

ಹಬ್ಬದ ಸಿಹಿ ತೊರೀಹಾಸ್. ಬ್ರೆಡ್ಡನ್ನು ಹಾಲಿನಲ್ಲೋ ವೈನಿನಲ್ಲೋ ನೆನೆಸಿ, ಮೊಟ್ಟೆಯಲ್ಲಿ ಅದ್ದಿ, ಕರಿದು ಜೇನು ಹಾಕಿದ್ದು. ಮೊಟ್ಟೆ ತಿನ್ನದವರು ಬಿಡಬೇಕಾಗುತ್ತದೆ, ತಿನ್ನುವವರು ಬಿಡಬೇಡಿ.

## ಹಂತ 10: ಮಾದ್ರುಗಾ, ಗುರುವಾರದ ರಾತ್ರಿ

ಗುರುವಾರ ರಾತ್ರಿಯಿಂದ ಶುಕ್ರವಾರ ಮಧ್ಯಾಹ್ನದವರೆಗೆ ಆರು ಸಂಘಗಳು ಹೊರಡುತ್ತವೆ: ಎಲ್ ಸಿಲೆನ್ಸಿಯೋ, ಗ್ರಾನ್ ಪೊದೇರ್, ಮಾಕರೇನಾ, ಎಲ್ ಕಾಲ್ವಾರಿಯೋ, ಎಸ್ಪೆರಾನ್ಸಾ ದೆ ತ್ರಿಯಾನಾ, ಲೋಸ್ ಹಿತಾನೋಸ್. ಆರನ್ನೂ ನೋಡುತ್ತೇನೆ ಅಂತ ಹೊರಡುವವರು ಒಂದನ್ನೂ ಸರಿಯಾಗಿ ನೋಡುವುದಿಲ್ಲ.

ನಾನು ಹೇಳುವ ಕ್ರಮ ಇದು. ಗುರುವಾರ ಸಂಜೆ ಮೆರವಣಿಗೆ ಬಿಟ್ಟು, ಹೊಟ್ಟೆ ತುಂಬ ಉಂಡು ಮಲಗಿ. ನಡುರಾತ್ರಿ ಎದ್ದು ಒಂದು ಮೌನದ ಮೆರವಣಿಗೆ ನೋಡಿ, ಎಲ್ ಸಿಲೆನ್ಸಿಯೋ ಅಥವಾ ಗ್ರಾನ್ ಪೊದೇರ್. ಬೀದಿ ದೀಪ ಕಡಿಮೆ ಇರುವ ಜಾಗದಲ್ಲಿ ಶಿಲುಬೆ ಹೊತ್ತ ಯೇಸು ಉದ್ದ ಹೆಜ್ಜೆ ಹಾಕುತ್ತಾ ಬರುವಾಗ, ಕೇಳುವುದು ಕೆಳಗಿನ ಪಾದಗಳ ಸದ್ದು ಮಾತ್ರ. ಅದು ಹಾದಮೇಲೆ ಕೋಣೆಗೆ ಮರಳಿ ನಿದ್ದೆ ಮಾಡಿ. ಶುಕ್ರವಾರ ಬೆಳಗ್ಗೆ ಎದ್ದು ಎಸ್ಪೆರಾನ್ಸಾ ಎಂಬ ಹೆಸರಿನ ಎರಡು ಮೇರಿಮಾತೆಯ ಮೂರ್ತಿಗಳಲ್ಲಿ ಒಂದನ್ನು, ತನ್ನ ಕೇರಿಗೆ ಮರಳುವಾಗ ನೋಡಿ: ಮಾಕರೇನಾ ಕೇರಿಯ ಕಡೆಗೋ, ತ್ರಿಯಾನಾದ ಕಡೆಗೋ. ರಾತ್ರಿಯಿಡೀ ನಡೆದು ದಣಿದವರನ್ನು ಇಡೀ ಕೇರಿ ಎದುರುಗೊಳ್ಳುವುದನ್ನು ನೋಡಿದರೆ ಈ ಊರಿಗೆ ಆ ಮೂರ್ತಿ ಏನು ಅಂತ ಗೊತ್ತಾಗುತ್ತದೆ.

ಆ ರಾತ್ರಿ ಬಾರ್‌ಗಳಿಗೆ ನಿರ್ಬಂಧ ಇರುತ್ತದೆ, ನೀರು ತಿಂಡಿ ಜೊತೆಗೇ ಇರಲಿ. ತುಂಬಿದ ಬೀದಿಗಳನ್ನು ಪೊಲೀಸರು ಮುಚ್ಚುತ್ತಾರೆ. ಮುಚ್ಚಿದರೆ ವಾದ ಬೇಡ, ಬೇರೆ ದಾರಿ ಹಿಡಿಯಿರಿ. ತೀರಾ ಚಿಕ್ಕ ಮಕ್ಕಳನ್ನು ರಾತ್ರಿಗೆ ಕರೆದೊಯ್ಯಬೇಡಿ, ಬೆಳಗ್ಗೆ ಕರೆದೊಯ್ಯಿರಿ.

## ಹಂತ 11: ಅಪಾಯದ ಸೂಚನೆಗಳು

ಬುಯಾ. ದಟ್ಟ ಜನಸಂದಣಿಗೆ ಅಲ್ಲಿನವರು ಹೇಳುವ ಹೆಸರು. ಪಾಲಿಯೋ ದಾಟಿದ ಕೂಡಲೇ ಎಲ್ಲರೂ ಒಟ್ಟಿಗೆ ಚಲಿಸುತ್ತಾರೆ. ಆಗ ಹತ್ತು ನಿಮಿಷ ಗೋಡೆಯ ಪಕ್ಕ ನಿಂತುಬಿಡಿ, ಬೀದಿ ತಾನೇ ಖಾಲಿಯಾಗುತ್ತದೆ. ಒಳಗೆ ಸಿಕ್ಕಿದರೆ ಎದುರು ದಿಕ್ಕಿಗೆ ತಳ್ಳಬೇಡಿ. ಜನರ ಜೊತೆಗೇ ನಡೆಯುತ್ತಾ ಓರೆಯಾಗಿ ಅಂಚಿಗೆ ಸರಿಯಿರಿ. ಎರಡೂ ಕಡೆಯಿಂದ ಜನ ಒತ್ತಿ ಬರುತ್ತಿದ್ದು, ಯಾರೂ ಮುಂದೆ ಹೋಗುತ್ತಿಲ್ಲ ಅನ್ನಿಸಿದರೆ, ಮೆರವಣಿಗೆ ಬಿಟ್ಟರೂ ಸರಿ, ಅಡ್ಡರಸ್ತೆಯಿಂದ ಹೊರಬನ್ನಿ.

ಓಟ. 2000 ಮತ್ತು 2017ರ ಮಾದ್ರುಗಾದಲ್ಲಿ ಸುಳ್ಳು ಭಯದಿಂದ ಜನ ಓಡಿ ಹಲವರಿಗೆ ಗಾಯವಾಯಿತು. ಇದ್ದಕ್ಕಿದ್ದಂತೆ ಜನ ಓಡಿದರೆ ನೀವು ಓಡಬೇಡಿ. ಹತ್ತಿರದ ಬಾಗಿಲ ಸಂದಿಗೆ ಒತ್ತಿಕೊಂಡು, ಮಗುವನ್ನು ಎತ್ತಿಕೊಂಡು ನಿಲ್ಲಿ. ತಪ್ಪಿಹೋದರೆ ಎಲ್ಲಿ ಸೇರಬೇಕು ಅನ್ನುವುದನ್ನು ಮನೆಯವರೆಲ್ಲ ಹೊರಡುವ ಮೊದಲೇ ಮಾತಾಡಿಟ್ಟುಕೊಳ್ಳಿ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ತುರ್ತು ನಂಬರ್ 112.

ಮಳೆ. ಹಳೇ ಮೂರ್ತಿಗಳು, ಕಸೂತಿ ಹಾಳಾಗುತ್ತವೆ ಅಂತ ಮಳೆ ಬರುವ ಸೂಚನೆ ಇದ್ದರೂ ಸಂಘಗಳು ಹೊರಡುವುದಿಲ್ಲ. 2024ರಲ್ಲಿ ಮಳೆಯಿಂದ ಮಾದ್ರುಗಾ ಪೂರ್ತಿ ನಿಂತುಹೋಯಿತು. ಹೊರಡುವ ಸಮಯ ಅರ್ಧ ಗಂಟೆ ಮುಂದೆ ಹೋಯಿತು ಅಂದರೆ ಒಳಗೆ ಆಕಾಶ ನೋಡಿ ಚರ್ಚೆ ನಡೆದಿದೆ ಅಂತ ಅರ್ಥ. ಆಗ ಆಪ್ ನೋಡುತ್ತಿರಿ. ರದ್ದಾದರೆ ಹೊರಟುಬಿಡಬೇಡಿ. ಅನೇಕ ಸಲ ಚರ್ಚ್ ಬಾಗಿಲು ತೆರೆದು ಪಾಸೋ ನೋಡಲು ಬಿಡುತ್ತಾರೆ, ಆ ಸಾಲಿನಲ್ಲಿ ನಿಲ್ಲಿ. ಜನರ ನಡುವೆ ಛತ್ರಿ ಬಿಡಿಸಬೇಡಿ, ರೇನ್‌ಕೋಟ್ ಸಾಕು.

ಮ್ಯಾಪ್. ಫೋನಿನ ಮ್ಯಾಪ್ ಹತ್ತು ನಿಮಿಷ ಅಂತ ತೋರಿಸುವ ದಾರಿಗೆ ಒಂದು ಗಂಟೆ ಹಿಡಿಯಬಹುದು, ಅದಕ್ಕೆ ಮೆರವಣಿಗೆ ಕಾಣುವುದಿಲ್ಲ. ಕೋಣೆಗೆ ಮರಳಲು ಹಳೇ ಊರಿನ ಹೊರಸುತ್ತಿನ ರಸ್ತೆಗೆ ಮೊದಲು ಬಂದು, ಅಲ್ಲಿಂದ ಸುತ್ತಿಕೊಂಡು ಹೋಗಿ. ದೂರ ಜಾಸ್ತಿ, ಆದರೆ ಬೇಗ ತಲುಪುತ್ತೀರಿ.

## ಹಂತ 12: ಹೊರಡುವ ದಿನ

ಶನಿವಾರ ಜನ ಕಡಿಮೆ, ಸಂಘಗಳೂ ಕಡಿಮೆ. ಸಾನ್ ಲೊರೆನ್ಸೋ ಚರ್ಚ್‌ನ ಲಾ ಸೊಲೆದಾದ್ ನೋಡಿ, ಮೇರಿಮಾತೆ ಒಬ್ಬಳೇ ಇರುವ ಪಾಸೋ. ಭಾನುವಾರ ಪುನರುತ್ಥಾನದ ಸಂಘ ಮಾತ್ರ ಹೊರಡುತ್ತದೆ.

ಭಾನುವಾರ ರೈಲು ಅಥವಾ ವಿಮಾನ ಇದ್ದರೆ ಟಿಕೆಟ್ ವಾರಗಳ ಮೊದಲೇ ತೆಗೆದಿಡಿ, ಇಡೀ ಸ್ಪೇನ್ ಅಂದು ಊರಿಗೆ ಮರಳುತ್ತದೆ. 2027ರಲ್ಲಿ ಹೋಗುವವರಿಗೆ ಇನ್ನೊಂದು ವಿಷಯ. ಈಸ್ಟರ್ ದಿನವಾದ ಮಾರ್ಚ್ 28ರ ಬೆಳಗಿನ ಜಾವ ಎರಡಕ್ಕೆ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಫೋನ್ ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ. ಬೆಳಗಿನ ರೈಲು ಹಿಡಿಯುವವರು ಶನಿವಾರ ರಾತ್ರಿ ಮಲಗುವ ಮೊದಲೇ ಅದನ್ನು ತಿರುಗಿಸಿಡಿ.